ಗೊಂಬೆ ಹುಟ್ಟುವ ಮನೆಗೆ ಹೋಗಿ ಬನ್ನಿ

ಹಿಂದೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಬಸ್ಸು ಚನ್ನಪಟ್ಟಣ ತಲುಪಿತೆಂದರೆ ಸಾಕು, ಮಕ್ಕಳೆಲ್ಲ ಕಿಟಕಿಗೆ ಅಂಟಿಕೊಳ್ಳುತ್ತಿದ್ದರು. ರಸ್ತೆಯ ಎರಡೂ ಬದಿಗೆ ಗೊಂಬೆ ಅಂಗಡಿಗಳ ಸಾಲು. ಕೆಂಪು, ಹಳದಿ, ಹಸಿರು ಬಣ್ಣದ ಮರದ ಕುದುರೆಗಳು ಬಾಗಿಲಲ್ಲೇ ನಿಂತು ಕರೆಯುತ್ತಿದ್ದವು. ನನ್ನ ಮಗ ಕೈಗೂಸಾಗಿದ್ದಾಗ ಅಲ್ಲಿಂದ ಒಂದು ಗಿಲಕಿ ತಂದಿದ್ದೆ. ಅಂಗಡಿಯವರು ಹೇಳಿದ ಬೆಲೆಯ ಅರ್ಧಕ್ಕೆ ಕೇಳಿ, ಕೊನೆಗೆ ಮುಕ್ಕಾಲಿಗೆ ಇಳಿಸಿ, ಏನೋ ಗೆದ್ದವಳಂತೆ ಬಸ್ಸು ಹತ್ತಿದ್ದು ಚೆನ್ನಾಗಿ ನೆನಪಿದೆ.

ಈಗ ಮೈಸೂರಿಗೆ ಹೋಗುವವರಿಗೆ ಚನ್ನಪಟ್ಟಣ ಕಾಣುವುದೇ ಇಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ರಾಮನಗರವನ್ನೂ ಚನ್ನಪಟ್ಟಣವನ್ನೂ ಪಕ್ಕಕ್ಕೆ ಬಿಟ್ಟು ಮುಂದೆ ಓಡುತ್ತದೆ. ನಾವೂ ಎರಡು ಸಲ ಹಾಗೇ ಓಡಿಹೋದೆವು.

ನಮ್ಮನ್ನು ಮತ್ತೆ ಅಲ್ಲಿಗೆ ಕರೆದೊಯ್ದದ್ದು ಆ ಹಳೆಯ ಗಿಲಕಿಯೇ. ನಾಲ್ಕನೇ ತರಗತಿಯ ಮೊಮ್ಮಗಳು ಅಟ್ಟದ ಪೆಟ್ಟಿಗೆಯಲ್ಲಿ ಅದನ್ನು ಹುಡುಕಿ ತಂದು, "ಅಜ್ಜಿ, ಇದು ಅಪ್ಪಂದು ಅಂತೀಯ. ಇಷ್ಟು ವರ್ಷ ಆದ್ರೂ ಬಣ್ಣ ಯಾಕೆ ಹೋಗಿಲ್ಲ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಗಿಲಕಿ ಕೊಂಡಿದ್ದೆನೇ ಹೊರತು ಅದನ್ನು ಮಾಡುವುದನ್ನು ನೋಡಿರಲಿಲ್ಲ. "ಹೋಗಿ ನೋಡೋಣ ಬಾ" ಎಂದೆ. ಒಂದು ಬೆಳಗ್ಗೆ ಇಬ್ಬರೂ ಮೈಸೂರು ಕಡೆಯ ರೈಲು ಹತ್ತಿದೆವು. ಚನ್ನಪಟ್ಟಣಕ್ಕಿಂತ ಮೊದಲು ಸಿಗುವುದು ರಾಮನಗರ. ಅಲ್ಲೂ ಒಂದು ವಸ್ತು ಹುಟ್ಟುವುದನ್ನು ನೋಡಬಹುದಿತ್ತು. ಆದ್ದರಿಂದ ಮೊದಲು ಅಲ್ಲೇ ಇಳಿದೆವು.

ರಾಮನಗರದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಕನಕಪುರ, ಮಾಗಡಿ ಕಡೆಯ ರೈತರೂ, ಇನ್ನೂ ದೂರದವರೂ ಇಲ್ಲಿಗೆ ಗೂಡು ತರುತ್ತಾರೆ. ಹಳದಿ ಬಣ್ಣದ್ದು ಮಿಶ್ರತಳಿ ಗೂಡು, ಬಿಳಿಯದು ದ್ವಿತಳಿ. ಹಿಂದೆ ಕೂಗಿ ಹರಾಜು ಹಾಕುತ್ತಿದ್ದರು. ಈಗ ಕೊಳ್ಳುವವರು ಗೂಡನ್ನು ಕೈಯಲ್ಲಿ ಹಿಡಿದು ನೋಡಿ, ಮೊಬೈಲಿನಲ್ಲೇ ಬೆಲೆ ಒತ್ತುತ್ತಾರೆ. ಸುಮಾರು 25 ದಿನ ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕಿ ಹುಳು ಸಾಕಿದ ಮನೆಯವರ ಕಣ್ಣೆಲ್ಲ ಆ ಬೆಲೆಯ ಮೇಲೇ ಇರುತ್ತದೆ.

ಊರೊಳಗಿನ ಒಂದು ನೂಲು ಬಿಚ್ಚುವ ಘಟಕದಲ್ಲಿ ಅನುಮತಿ ಕೇಳಿ ಒಳಗೆ ಹೋದೆವು. ಬಿಸಿನೀರಿನಲ್ಲಿ ಗೂಡುಗಳು ತೇಲುತ್ತಿದ್ದವು. ಹೆಂಗಸೊಬ್ಬರು ಅವುಗಳ ಎಳೆಯ ತುದಿ ಹಿಡಿದು, ಹಲವು ಎಳೆಗಳನ್ನು ಸೇರಿಸಿ ಒಂದೇ ದಾರ ಮಾಡಿ ರಾಟೆಗೆ ಕೊಡುತ್ತಿದ್ದರು. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸುಮಾರು 1,000 ಮೀಟರ್ ಉದ್ದದ ಎಳೆ ಇರುತ್ತದೆ. "ಒಳಗಿರೋ ಹುಳ?" ಎಂದಳು ಮೊಮ್ಮಗಳು. ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬಂದರೆ ಎಳೆ ತುಂಡುತುಂಡಾಗುತ್ತದೆ, ಅದಕ್ಕೇ ಮೊದಲೇ ಬಿಸಿಗೆ ಹಾಕುತ್ತಾರೆ, ಹುಳು ಸಾಯುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿನ್ನ ಮದುವೆ ಸೀರೆಗೆ ಎಷ್ಟು ಗೂಡು ಬೇಕಾಗಿತ್ತು?" ಎಂದಳು. ಸಾವಿರಾರು. ಐವತ್ತು ವರ್ಷ ಆ ಸೀರೆ ಮಡಿಸಿಟ್ಟ ನಾನು ಆ ಲೆಕ್ಕ ಹಾಕಿದ್ದು ಅವತ್ತೇ ಮೊದಲು.

ಅಲ್ಲಿಂದ ಹಳೆಯ ರಸ್ತೆಯ ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಹೊರಟೆವು. ದಾರಿಯಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಸಿಗುತ್ತದೆ. ಅದಕ್ಕೆ ಒಂದು ಪೂರ್ತಿ ದಿನವೇ ಬೇಕು, ಇನ್ನೊಮ್ಮೆ ನೋಡೋಣವೆಂದು ಮುಂದೆ ಹೋದೆವು.

ಚನ್ನಪಟ್ಟಣದ ಕಲಾನಗರದ ಕಡೆ ನಡೆದರೆ ಲೇತ್ ಯಂತ್ರದ ಗುಯ್ ಎನ್ನುವ ಸದ್ದೇ ದಾರಿ ತೋರಿಸುತ್ತದೆ. ನಾವು ಹೋದ ಅಂಗಡಿಯ ಮುಂದಿನ ಕೋಣೆಯಲ್ಲಿ ಮಾರಾಟ, ಹಿಂದಿನ ಕೋಣೆಯಲ್ಲಿ ಕೆಲಸ. ಮೈಮೇಲೆಲ್ಲ ಮರದ ಹೊಟ್ಟು ಹತ್ತಿದ್ದ ಹಿರಿಯರೊಬ್ಬರು, "ಬನ್ನಿ ಅಮ್ಮ, ನೋಡಿ. ಮಗೂನ ಮಾತ್ರ ಈ ಗೆರೆಯಿಂದಾಚೆ ನಿಲ್ಲಿಸಿ" ಎಂದರು.

ಅವರ ಕೈಯಲ್ಲಿದ್ದದ್ದು ಆಲೆ ಮರದ ತುಂಡು. ಇದನ್ನು ಹಾಲೆ ಮರ ಎಂದೂ ಕರೆಯುತ್ತಾರೆ, ಗೀರಿದರೆ ಹಾಲು ಒಸರುತ್ತದೆ. ಚೆನ್ನಾಗಿ ಒಣಗಿಸಿದ ಮೇಲೆ ಬೆಳ್ಳಗೆ, ನುಣ್ಣಗೆ, ಉಳಿಗೆ ಒಗ್ಗುವಷ್ಟು ಮೃದುವಾಗಿರುತ್ತದೆ. ತುಂಡು ಯಂತ್ರದಲ್ಲಿ ಗಿರಗಿರನೆ ತಿರುಗಿತು. ಉಳಿ ತಾಗಿದ್ದೇ ತಡ, ಮರದ ಸುರುಳಿ ಹಾರಿ ಬಿತ್ತು. ನೋಡುತ್ತಿದ್ದಂತೆ ಹೊಟ್ಟೆ ಬಂತು, ಮೊಳೆಯಂಥ ಕಾಲು ಬಂತು. "ಬುಗುರಿ!" ಎಂದು ಕೂಗಿದಳು ಮೊಮ್ಮಗಳು.

ಅವಳು ಕಾಯುತ್ತಿದ್ದದ್ದು ಬಣ್ಣಕ್ಕೆ. ಡಬ್ಬಿಯೂ ಇರಲಿಲ್ಲ, ಕುಂಚವೂ ಇರಲಿಲ್ಲ. ಅವರು ಒಂದು ಕೆಂಪು ಕಡ್ಡಿಯನ್ನು ತಿರುಗುವ ಬುಗುರಿಗೆ ಒತ್ತಿ ಹಿಡಿದರು, ಅಷ್ಟೇ. ಬುಗುರಿ ಕೆಂಪಾಯಿತು. ಹಳದಿ ಕಡ್ಡಿ ಒತ್ತಿದರು, ನಡುವೆ ಹಳದಿ ಪಟ್ಟೆ ಬಂತು. "ಕೈ ಉಜ್ಜಿ ನೋಡು ಪುಟ್ಟಿ, ಬಿಸಿಯಾಗುತ್ತಲ್ಲ? ಇಲ್ಲೂ ಹಂಗೇ. ಆ ಬಿಸಿಗೆ ಅರಗು ಕರಗುತ್ತೆ" ಎಂದರು.

ಅರಗು ಎಂದರೆ ಮರದ ಟೊಂಗೆಗಳ ಮೇಲೆ ಬದುಕುವ ಪುಟ್ಟ ಕೀಟಗಳು ಸ್ರವಿಸುವ ಅಂಟು. ಪಾಂಡವರಿಗೆ ದುರ್ಯೋಧನ ಕಟ್ಟಿಸಿದ ಅರಗಿನ ಮನೆಯ ಕಥೆಯನ್ನು ಮೊಮ್ಮಗಳಿಗೆ ನೆನಪಿಸಿದೆ. ಅಂಚೆ ಪಾರ್ಸೆಲ್ಲಿಗೆ ಹಾಕುತ್ತಿದ್ದ ಕೆಂಪು ಅರಗಿನ ಮುದ್ರೆ ನನ್ನ ವಯಸ್ಸಿನವರಿಗೆ ಗೊತ್ತೇ ಇದೆ. ಅರಗಿಗೆ ಬಣ್ಣ ಬೆರೆಸಿ, ಕಾಯಿಸಿ, ನಾದಿ ಕಡ್ಡಿ ಮಾಡಿಟ್ಟುಕೊಳ್ಳುತ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡದ ಬಣ್ಣ ಬಳಸುವವರೂ ಇದ್ದಾರೆ. ಕೊನೆಗೆ ಒಣಗಿದ ಕೇದಗೆಯ ಗರಿಯನ್ನು ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ನಮ್ಮ ಗಿಲಕಿಯ ಗುಟ್ಟು ಇಷ್ಟೇ. ಬಣ್ಣವನ್ನು ಮೇಲೆ ಬಳಿದಿರಲಿಲ್ಲ. ಕರಗಿದ ಅರಗು ಮರದ ಮೈಗೆ ಕಚ್ಚಿಕೊಂಡು ಗಟ್ಟಿಯಾಗಿತ್ತು.

ಇನ್ನೊಂದು ಸಂಗತಿಯೂ ಅಲ್ಲಿ ಹೊಳೆಯಿತು. ಚನ್ನಪಟ್ಟಣದ ಗೊಂಬೆಗಳೇಕೆ ಅಷ್ಟು ದುಂಡಗಿರುತ್ತವೆ? ತಿರುಗುವ ಯಂತ್ರದಲ್ಲಿ ಹುಟ್ಟಿದ್ದು ದುಂಡಗೇ ಇರಬೇಕಲ್ಲ! ಅಲ್ಲಿದ್ದ ಗೊಂಬೆಯ ತಲೆ, ಬಂಡಿಯ ಚಕ್ರ, ಆನೆಯ ಕಾಲು ಎಲ್ಲವೂ ಬೇರೆಬೇರೆ ತಿರುಗಿ ಆಮೇಲೆ ಒಂದಾದವು. ಮಕ್ಕಳೇ, ನಿಮ್ಮ ಮನೆಯ ಗೊಂಬೆಯಲ್ಲಿ ಅಂಥ ದುಂಡು ತುಂಡುಗಳು ಎಷ್ಟಿವೆ, ಎಣಿಸಿ ನೋಡಿ.

ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ವಿದ್ಯೆ ಬಂತು ಎಂಬ ಮಾತಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಪಾನಿನ ಗೊಂಬೆ ತಯಾರಿಕೆಯ ಕ್ರಮವನ್ನು ಇಲ್ಲಿಗೆ ತಂದವರೆಂದು ಬಾವಾಸ್ ಮಿಯಾ ಅವರನ್ನು ನೆನೆಯುತ್ತಾರೆ. 2006ರಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಬೇರೆ ಊರಲ್ಲಿ ಮಾಡಿದ ಗೊಂಬೆಗೆ ಚನ್ನಪಟ್ಟಣದ ಹೆಸರು ಹಾಕುವಂತಿಲ್ಲ.

"ವ್ಯಾಪಾರ ಹೇಗಿದೆ ಅಣ್ಣ?" ಎಂದೆ. "ಮೊದಲು ದಾರಿಹೋಕರು ತಾವಾಗೇ ನಿಲ್ತಿದ್ರು ಅಮ್ಮ. ಈಗ ನಿಮ್ಮಂಗೆ ಹುಡುಕ್ಕೊಂಡು ಬಂದವರೇ ಗಿರಾಕಿ" ಎಂದರು. ಮಗ ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನಂತೆ. "ಉಳಿ ಹಿಡಿಯೋಕೆ ಅವನಿಗೂ ಬರುತ್ತೆ. ಆದ್ರೆ ತಿಂಗಳ ಲೆಕ್ಕ ಅಲ್ಲೇ ಸರಿಹೋಗುತ್ತೆ" ಎಂದು ಹೇಳಿ ಮತ್ತೊಂದು ಮರದ ತುಂಡು ಸಿಕ್ಕಿಸಿದರು.

ನಾವು ಆ ಬುಗುರಿಯನ್ನೂ ಒಂದು ಗಿಲಕಿಯನ್ನೂ ಆರಿಸಿದೆವು. ಬೆಲೆ ಹೇಳಿದರು. ಹಳೆಯ ಅಭ್ಯಾಸ ನೋಡಿ, "ಸ್ವಲ್ಪ ನೋಡಿ ಹೇಳಿ" ಎನ್ನಲು ಬಾಯಿ ತೆರೆದೆ. ಮೊಮ್ಮಗಳು ನನ್ನ ಸೆರಗು ಜಗ್ಗಿದಳು. ಅವಳೇನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹೇಳಿದಷ್ಟನ್ನೇ ಎಣಿಸಿ ಕೊಟ್ಟೆ.

ನೀವೂ ಮೊಮ್ಮಕ್ಕಳ ಕೈ ಹಿಡಿದು ಹೋಗಿ ಬನ್ನಿ. ಕೆಲಸ ನಡೆಯುವ ದಿನವೇ ಹೋಗಿ, ಒಳಗೆ ಕಾಲಿಡುವ ಮೊದಲು ಕೇಳಿ. ಸೆರಗು, ದುಪಟ್ಟಾ, ಜಡೆ ಯಂತ್ರದ ಹತ್ತಿರ ಹೋಗದಂತೆ ಕಟ್ಟಿಕೊಳ್ಳಿ. ಉಳಿ ಹಿಡಿದ ಕೈ ನಿಂತ ಮೇಲೆ ಮಾತಾಡಿಸಿ, ಫೋಟೊ ತೆಗೆಯಲೂ ಒಪ್ಪಿಗೆ ಪಡೆಯಿರಿ. ರೈಲು ಎರಡೂ ಊರಲ್ಲಿ ನಿಲ್ಲುತ್ತದೆ. ಕಾರಿನವರು ಹೆದ್ದಾರಿ ಬಿಟ್ಟು ಹಳೆಯ ರಸ್ತೆ ಹಿಡಿದರೆ ಸಾಕು. ಮೈಸೂರು ಅರ್ಧ ದಿನ ತಡವಾಗಿ ಸಿಕ್ಕೀತು, ಅಷ್ಟೇ ತಾನೆ?

ಹೊಸ ಗಿಲಕಿ ಈಗ ಪಕ್ಕದ ಮನೆಯ ಕೂಸಿನ ಕೈಯಲ್ಲಿದೆ. ಬುಗುರಿ ನಮ್ಮ ಊಟದ ಮೇಜಿನ ಮೇಲೆ ತಿರುಗುತ್ತಿರುತ್ತದೆ. ಮನೆಗೆ ಬಂದವರಿಗೆಲ್ಲ ಮೊಮ್ಮಗಳು ಅದನ್ನು ತೋರಿಸಿ ಹೇಳುವುದು ಒಂದೇ ಮಾತು: "ಇದು ಹುಟ್ಟಿದಾಗ ನಾನು ಅಲ್ಲೇ ಇದ್ದೆ."