ತಿದ್ದುವ ಪೆನ್ಸಿಲು ಮಗುವಿನ ಕೈಯಲ್ಲಿರಲಿ

ಮಗು ಪ್ರಬಂಧ ಬರೆದು ತಂದು ತೋರಿಸಿದೊಡನೆ ಅನೇಕ ಪೋಷಕರು ಕೆಂಪು ಪೆನ್ನು ಹಿಡಿಯುತ್ತಾರೆ. ಒತ್ತಕ್ಷರ ಬಿಟ್ಟುಹೋದ ಕಡೆಯೆಲ್ಲ ಗೆರೆ ಬೀಳುತ್ತದೆ. ಮಗು ಅದನ್ನು ಹಾಗೆಯೇ ನಕಲು ಮಾಡಿ ಶಾಲೆಗೆ ಒಯ್ಯುತ್ತದೆ. ಪುಟವೇನೋ ಶುದ್ಧವಾಯಿತು, ಆದರೆ ಮುಂದಿನ ಪ್ರಬಂಧದಲ್ಲೂ ಅವೇ ತಪ್ಪುಗಳು. ಏಕೆಂದರೆ ತಿದ್ದಿದವರು ಪೋಷಕರೇ ಹೊರತು ಮಗುವಲ್ಲ.

ಕನ್ನಡದಲ್ಲಿ ‘ತಿದ್ದು’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಸ್ಲೇಟಿನ ಮೇಲಿನ ಅಕ್ಷರದ ಮೇಲೆ ಮತ್ತೆ ಮತ್ತೆ ಬಳಪವಾಡಿಸಿ ಕಲಿಯುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಮೊದಲನೆಯದನ್ನು ಮಗು ತಾನೇ ಮಾಡಿ ಕಲಿಯುತ್ತದೆ. ಎರಡನೆಯದನ್ನೂ ಹಾಗೆಯೇ ಕಲಿಯಬೇಕು.

<b>ಮೊದಲು ವಿಷಯ, ನಂತರ ಕಾಗುಣಿತ</b>

ಅಮೆರಿಕದ ನ್ಯಾನ್ಸಿ ಸಾಮರ್ಸ್ 1980ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಕಾಲೇಜು ವಿದ್ಯಾರ್ಥಿಗಳು ತಿದ್ದುವುದೆಂದರೆ ಪದಗಳನ್ನು ಬದಲಿಸುವುದೆಂದು ತಿಳಿದಿದ್ದರು. ಅನುಭವಿ ಬರಹಗಾರರಾದರೋ ತಾವು ಹೇಳಬೇಕಾದುದರ ಸ್ವರೂಪವನ್ನೇ ಮರಳಿ ಹುಡುಕುತ್ತಿದ್ದರು. ಚಿಕ್ಕ ಮಕ್ಕಳಿಗೂ ಈ ಕ್ರಮವನ್ನು ಪ್ರಶ್ನೆಗಳ ಮೂಲಕ ಕಲಿಸಬಹುದು.

ಐದನೆಯ ತರಗತಿಯ ಮಗು ‘ನಾನು ನೋಡಿದ ಜಾತ್ರೆ’ ಎಂಬ ಪ್ರಬಂಧದಲ್ಲಿ ‘ಜಾತ್ರೆ ತುಂಬಾ ಚೆನ್ನಾಗಿತ್ತು. ತುಂಬಾ ಜನ ಬಂದಿದ್ದರು’ ಎಂದು ಬರೆದಿದೆ ಎಂದುಕೊಳ್ಳೋಣ. ಇಲ್ಲಿ ಕಾಗುಣಿತದ ತಪ್ಪಿಲ್ಲ, ಜಾತ್ರೆಯೂ ಇಲ್ಲ. ‘ತೇರು ಹೊರಟಾಗ ನೀನು ಎಲ್ಲಿದ್ದೆ?’ ಎಂದು ಕೇಳಿ. ‘ಅಪ್ಪನ ಹೆಗಲ ಮೇಲಿದ್ದೆ, ಜನ ತೇರಿಗೆ ಎಸೆದ ಬಾಳೆಹಣ್ಣು ನನ್ನ ತಲೆಗೆ ಬಿತ್ತು’ ಎಂದು ಮಗು ನಗುತ್ತಾ ಹೇಳಬಹುದು. ‘ಇದನ್ನೇ ಏಕೆ ಬರೆಯಬಾರದು?’ ಎಂದಷ್ಟೇ ಹೇಳಿ ಸುಮ್ಮನಾಗಿ. ವಾಕ್ಯವನ್ನು ನೀವು ಹೇಳಿಕೊಡಬೇಡಿ.

<b>ಪಾಲಿಸಬಹುದಾದ ಕ್ರಮ</b>

ಕರಡನ್ನು ರಫ್ ಪುಸ್ತಕದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಬರೆಯಿಸಿ, ಸೇರಿಸಲು ಜಾಗವಿರುತ್ತದೆ. ಬರೆದ ದಿನವೇ ತಿದ್ದುವುದು ಬೇಡ, ಒಂದು ರಾತ್ರಿ ಕಳೆಯಲಿ. ಮರುದಿನ ಮಗುವೇ ಗಟ್ಟಿಯಾಗಿ ಓದಲಿ. ಬಿಟ್ಟುಹೋದ ಪದ, ಮುಗಿಯದ ವಾಕ್ಯ, ‘ಮಕ್ಕಳು ಓಡಿತು’ ಎಂಬಂತಹ ವಚನದೋಷಗಳನ್ನು ಕಿವಿಯೇ ಹಿಡಿಯುತ್ತದೆ.

ಆದರೆ ಮಹಾಪ್ರಾಣವನ್ನು ಕಿವಿ ಹಿಡಿಯುವುದಿಲ್ಲ. ಮಾತಿನಲ್ಲಿ ನಾವೇ ‘ಬಾಷೆ’ ಎನ್ನುತ್ತಿದ್ದರೆ ಮಗು ‘ಭಾಷೆ’ ಎಂದು ಬರೆಯುವುದೆಂತು? ಅಕಾರ-ಹಕಾರಗಳ ಗೊಂದಲವೂ ಇಂತಹುದೇ. ಇವುಗಳಿಗೆ ನಿಘಂಟೇ ದಾರಿ. ತಪ್ಪಿರುವ ಸಾಲಿನ ಅಂಚಿನಲ್ಲಿ ಒಂದು ಚುಕ್ಕೆ ಮಾತ್ರ ಇಡಿ. ತಪ್ಪು ಯಾವುದೆಂದು ಮಗು ಹುಡುಕಲಿ. ಹುಡುಕಿದ ಪದಗಳನ್ನು ಪುಸ್ತಕದ ಕೊನೆಯ ಪುಟದಲ್ಲಿ ಪಟ್ಟಿ ಮಾಡಿಕೊಳ್ಳಲಿ. ಒಂದು ಸಲಕ್ಕೆ ಎರಡು ಮೂರು ಬಗೆಯ ತಪ್ಪುಗಳು ಸಾಕು. ಎಲ್ಲವನ್ನೂ ಒಮ್ಮೆಗೇ ಎತ್ತಿ ತೋರಿಸಿದರೆ ಮಗು ಪುಸ್ತಕವನ್ನೇ ಬಚ್ಚಿಡಲು ಕಲಿಯುತ್ತದೆ. ಇಲ್ಲವೇ ತನಗೆ ಖಚಿತವಾಗಿ ಗೊತ್ತಿರುವ ಸುಲಭ ಪದಗಳನ್ನಷ್ಟೇ ಬಳಸತೊಡಗುತ್ತದೆ.

ಪರೀಕ್ಷೆಯಲ್ಲಿ ಕರಡು ಬರೆಯಲು ಕಾಲಾವಕಾಶವಿರುವುದಿಲ್ಲ, ಪಕ್ಕದಲ್ಲಿ ಅಪ್ಪ ಅಮ್ಮನೂ ಇರುವುದಿಲ್ಲ. ಕೊನೆಯ ಐದು ನಿಮಿಷದಲ್ಲಿ ತನ್ನ ಉತ್ತರವನ್ನು ಬೇರೆಯವರ ಬರಹವೆಂಬಂತೆ ಓದಬಲ್ಲ ಮಗುವಿಗೆ ಮನೆಯ ಈ ಅಭ್ಯಾಸವೇ ಆಸರೆ.

ಆದ್ದರಿಂದ ಶಾಲೆಗೆ ಹೋಗುವ ಪುಟದಲ್ಲಿ ಒಂದೆರಡು ತಪ್ಪು ಉಳಿದರೂ ಚಿಂತೆಯಿಲ್ಲ. ಮಗು ತಾನೇ ಕಂಡುಹಿಡಿದು ತಿದ್ದಿದ ಒಂದು ವಾಕ್ಯ, ಪೋಷಕರು ತಿದ್ದಿಕೊಟ್ಟ ಒಂದು ಪುಟಕ್ಕಿಂತ ಹೆಚ್ಚು ಕಲಿಸುತ್ತದೆ.