ಹುದ್ದೆಯ ಲೆಕ್ಕ, ಆಳಿನ ಲೆಕ್ಕ

ನಿಮ್ಮೂರಿನ ಆರೋಗ್ಯ ಉಪಕೇಂದ್ರದ ಫಲಕ ಮಲಯಾಳದಲ್ಲೋ ಮರಾಠಿಯಲ್ಲೋ ತಮಿಳು, ತೆಲುಗಿನಲ್ಲೋ ಇರಬಹುದು. ಬಾಗಿಲಿಗೆ ಬಿದ್ದ ಬೀಗವನ್ನು ಓದಲು ಮಾತ್ರ ಯಾವ ಭಾಷೆಯೂ ಬೇಕಿಲ್ಲ. ಆದರೆ ಆ ಬೀಗದ ಸುದ್ದಿ ಸರಕಾರದ ಲೆಕ್ಕಕ್ಕೆ ಮುಟ್ಟುವುದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ.

5,000 ಜನರಿಗೆ ಒಂದು ಉಪಕೇಂದ್ರ, ಗುಡ್ಡಗಾಡಿನಲ್ಲಾದರೆ 3,000 ಜನರಿಗೊಂದು ಎಂಬುದು ನಮ್ಮ ದೇಶದ ಮಾನದಂಡ. ಅದರಂತೆ ಹುದ್ದೆಗಳು ಮಂಜೂರಾಗುತ್ತವೆ. ಮಂಜೂರಾದದ್ದೆಷ್ಟು, ತುಂಬಿದ್ದೆಷ್ಟು ಎಂದು ಇಲಾಖೆ ಬರೆದಿಡುತ್ತದೆ. ಡಾಕ್ಟರುಗಳ ನೋಂದಣಿ ಪುಸ್ತಕ ಬೇರೆ ಇದೆ. ಅದರಲ್ಲಿ ತೀರಿಕೊಂಡವರ, ಪರದೇಶಕ್ಕೆ ಹೋದವರ ಹೆಸರುಗಳೂ ಅಳಿಸದೆ ಉಳಿದುಕೊಂಡದ್ದುಂಟು.

ಹಾಗಾದರೆ ನಿಜಕ್ಕೂ ಔಷಧಿ ಕೊಡುತ್ತಿರುವವರು ಯಾರು? ಉತ್ತರ ಸಿಕ್ಕಿದ್ದು ಜನಗಣತಿಯಲ್ಲಿ. ಗಣತಿಯವರು ನಿಮ್ಮ ಕಸುಬೇನು ಎಂದೂ ಕೇಳುತ್ತಾರೆ, ಎಲ್ಲಿಯವರೆಗೆ ಓದಿದ್ದೀರಿ ಎಂದೂ ಕೇಳುತ್ತಾರೆ. 2001ರ ಗಣತಿಯ ಈ ಎರಡು ಉತ್ತರಗಳನ್ನು ಸುಧೀರ್ ಆನಂದ್ ಮತ್ತು ವಿಕ್ಟರ್ ಫ್ಯಾನ್ ಎಂಬ ಸಂಶೋಧಕರು ಜೋಡಿಸಿ ನೋಡಿದರು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಅದನ್ನು ಪ್ರಕಟಿಸಿತು. ತಾವು ಅಲೋಪತಿ ವೈದ್ಯರು ಎಂದು ಹೇಳಿಕೊಂಡವರಲ್ಲಿ ನೂರಕ್ಕೆ 57 ಮಂದಿಗೆ ವೈದ್ಯಕೀಯ ವಿದ್ಯಾರ್ಹತೆಯೇ ಇರಲಿಲ್ಲ! ಹಳ್ಳಿಗಳಲ್ಲಂತೂ ಅರ್ಹತೆ ಇದ್ದವರು ನೂರಕ್ಕೆ 19 ಮಂದಿ ಮಾತ್ರ. ಇನ್ನೊಂದು ಸಂಗತಿ ಕಾಸರಗೋಡು, ವಯನಾಡಿನ ಕೇಳುಗರಿಗೆ ರುಚಿಸೀತು: ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ 3ರಷ್ಟಿದ್ದ ಕೇರಳದಲ್ಲಿ ದೇಶದ ಅರ್ಹ ನರ್ಸುಗಳಲ್ಲಿ ನೂರಕ್ಕೆ 38ರಷ್ಟು ಇದ್ದರು.

ಇಷ್ಟಾದರೂ ಇದು ಇದ್ದವರ ಲೆಕ್ಕ, ಬಂದವರ ಲೆಕ್ಕವಲ್ಲ. ಅದಕ್ಕೆ ರಾಜಸ್ಥಾನದ ಉದಯಪುರ ಜಿಲ್ಲೆಯ ಕಥೆ ಕೇಳಬೇಕು. ಅಲ್ಲಿ 2002-03ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರು ಸೇವಾ ಮಂದಿರವೆಂಬ ಸಂಸ್ಥೆಯೊಂದಿಗೆ ಸೇರಿ, ಕೆಲಸದ ವೇಳೆಯಲ್ಲಿ ಉಪಕೇಂದ್ರಗಳಿಗೆ ವಾರವಾರವೂ ಜನ ಕಳಿಸಿ ನೋಡಿಸಿದರು. ನೂರು ಸಲ ಹೋದರೆ 56 ಸಲ ಬಾಗಿಲು ಮುಚ್ಚಿತ್ತು. ಪಾಪ, ನರ್ಸಮ್ಮ ಮನೆಮನೆ ತಿರುಗಲು ಹೋಗಿರಬಹುದಲ್ಲ ಎನ್ನುತ್ತೀರಿ. ನ್ಯಾಯವಾದ ಪ್ರಶ್ನೆಯೇ. ಊರೊಳಗೂ ಹುಡುಕಿಸಿದರು, ಸಿಕ್ಕಿದ್ದು ತೀರ ಅಪರೂಪಕ್ಕೆ. ಯಾವ ದಿನ ತೆರೆದಿರುತ್ತದೆಂದು ಗೊತ್ತಾಗುವಂತೆಯೂ ಇರಲಿಲ್ಲ. ಬಸುರಿ ಹೆಂಗಸು ಬಿಸಿಲಲ್ಲಿ ನಡೆದು ಬಂದು ಬೀಗ ನೋಡಿ ಹಿಂತಿರುಗಿದರೆ ಮತ್ತೊಮ್ಮೆ ಬಂದಾಳೆಯೇ?

2006ರಲ್ಲಿ ಉಪಾಯ ಹೂಡಿದರು. ಗೋಡೆಗೆ ಅಂಟಿಸಿದ ಹಾಜರಿ ಹಾಳೆಯ ಮೇಲೆ ನರ್ಸು ದಿನಕ್ಕೆ ಮೂರು ಸಲ ಯಂತ್ರದಿಂದ ವೇಳೆಯ ಮುದ್ರೆ ಒತ್ತಬೇಕು. ಅರ್ಧಕ್ಕಿಂತ ಹೆಚ್ಚು ದಿನ ತಪ್ಪಿದರೆ ಸಂಬಳ ಕಡಿತ. ಮೊದಲ ತಿಂಗಳುಗಳಲ್ಲಿ ಹಾಜರಿ ಸುಮಾರು ಇಮ್ಮಡಿಯಾಯಿತು. ಒಂದೂಕಾಲು ವರ್ಷದಲ್ಲಿ ಮತ್ತೆ ಮೊದಲಿನ ಹಾಗೆಯೇ! ಯಂತ್ರದ ತಪ್ಪಲ್ಲ. ಮೀಟಿಂಗು, ಸರ್ವೇ ಎಂದು ಮೇಲಿನವರು 'ವಿನಾಯಿತಿ ದಿನ' ಬರೆದುಕೊಡಲು ಕಲಿತರು. ಗೈರುಹಾಜರಿಯ ಕಾಲಂ ಇಳಿಯಿತು, ವಿನಾಯಿತಿಯ ಕಾಲಂ ಏರಿತು, ಬಾಗಿಲು ಮುಚ್ಚಿಯೇ ಇತ್ತು. ಲೆಕ್ಕ ಹಿಡಿಯುವವರು ಆ ವಿನಾಯಿತಿಯ ಕಾಲಮ್ಮನ್ನೂ ಊರಿನ ಎದುರು ಓದಿ ಹೇಳಿದ್ದರೆ ಏನಾಗುತ್ತಿತ್ತೋ ಎಂದು ನನಗೆ ಅನಿಸುವುದುಂಟು.

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಈ ಲೆಕ್ಕವನ್ನು ಯಾರೂ ಕೇಳಬಹುದು. ಮಂಜೂರಾದದ್ದು, ತುಂಬಿದ್ದು, ಹಾಜರಿದ್ದ ದಿನ, ವಿನಾಯಿತಿಯ ದಿನ, ನಾಲ್ಕನ್ನೂ ಕೇಳಿ. ಅರ್ಜಿಯನ್ನು ನಿಮ್ಮ ರಾಜ್ಯದ ಆಡಳಿತ ಭಾಷೆಯಲ್ಲೇ ಬರೆಯಿರಿ. ಎರಡು ಭಾಷೆ ಬಲ್ಲ ಮಕ್ಕಳು ಮನೆಮನೆಯಲ್ಲೂ ಇದ್ದಾರಲ್ಲ.

ಗಡಿಯವರಾದ ನಮಗೆ ಐದನೆಯದೊಂದು ಕಾಲಂ ಬೇಕಾಗುತ್ತದೆ. ಅಜ್ಜಿ 'ಹೊಟ್ಟೆ ತೊಳಸ್ತದೆ, ಕಣ್ಣು ಕತ್ತಲೆ ಬರ್ತದೆ' ಎನ್ನುತ್ತಾಳೆ. ಹುದ್ದೆ ತುಂಬಿದೆ, ನರ್ಸಮ್ಮ ಹಾಜರಿದ್ದಾಳೆ, ಅರ್ಹತೆಯೂ ಇದೆ. ಆದರೆ ಅವಳಿಗೆ ಕನ್ನಡ ಬಾರದು, ಅಜ್ಜಿಗೆ ಮತ್ತೊಂದು ಭಾಷೆ ಬಾರದು. ಪಕ್ಕದಲ್ಲಿ ನಿಂತ ಮೊಮ್ಮಗ ಶಾಲೆ ಬಿಟ್ಟು ಬಂದಿದ್ದಾನೆ, ದುಭಾಷಿ ಕೆಲಸಕ್ಕೆ.