ಕಾಯಿ, ಹಣ್ಣು ಮತ್ತು ಗೆಳೆತನ

ಉಡುಮಲೈಪೇಟೆ ಸೇರಿದ ಕೊಯಮತ್ತೂರು ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳುಂಟು. ತಮಿಳಿನಲ್ಲಿ ಆಡುವ ಮಕ್ಕಳು ಜಗಳವಾದಾಗ 'ಕಾಯ್' ಎನ್ನುತ್ತಾರೆ. ರಾಜಿಯಾದಾಗ 'ಪಳಂ', ಅಂದರೆ ಹಣ್ಣು, ಎನ್ನುತ್ತಾರೆ. ಕನ್ನಡ ನಾಡಿನ ಮಕ್ಕಳು ಜಗಳವಾದರೆ 'ಟೂ' ಬಿಡುತ್ತಾರೆ. ತಮಿಳು ಮಕ್ಕಳ ಮಾತಿನಲ್ಲಿ ಒಂದು ಸೊಗಸಿದೆ. ಇಂದು ಒಗರಾದ ಕಾಯಿ ನಾಳೆ ಹಣ್ಣಾಗುತ್ತದೆ. ಇಬ್ಬರ ನಡುವಿನ ಮುನಿಸೂ ಹಾಗೆಯೇ. ಅದರಿಂದ ಗೆಳೆತನಕ್ಕೆ ಕೇಡಿಲ್ಲ.

ಆದರೆ ಹತ್ತು ಮಂದಿ ಕೂಡಿ ಒಬ್ಬನನ್ನು ಹೊರಗಿಟ್ಟರೆ ಅದು ಬೇರೆ ಸಂಗತಿ. ಅಲ್ಲಿ ಜಗಳವೇ ನಡೆದಿರುವುದಿಲ್ಲ. ಆದ್ದರಿಂದ ರಾಜಿಗೆ ದಾರಿಯೂ ಇರುವುದಿಲ್ಲ. ಉಡುಪು, ಜಾತಿ, ಮನೆಮಾತು ಯಾವುದಾದರೂ ನೆಪವಾಗುತ್ತದೆ. ಡಾ. ಅಂಬೇಡ್ಕರರು ಬಾಲ್ಯದಲ್ಲಿ ಸಾತಾರಾದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿಯ ಮೇಲೆ ಬೇರೆಯಾಗಿ ಕೂರಬೇಕಾಗಿತ್ತು. ಜವಾನನಿಲ್ಲದಾಗ ಕುಡಿಯಲು ನೀರೂ ಸಿಗುತ್ತಿರಲಿಲ್ಲ. ಇಂಥ ದಲಿತ ಮಕ್ಕಳಿಗಾಗಿ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ಶಾಲೆಯನ್ನೇ ತೆರೆದರು.

ಹೊರಗಿಡುವ ಗುಂಪಿನಲ್ಲೂ ಒಳಗೊಳಗೇ ಮರುಗುವವನೊಬ್ಬ ಇರಬಹುದು. ಒಂಟಿಯಾಗಿ ಸಿಕ್ಕಾಗ ಮಾತನಾಡಿಸುತ್ತಾನೆ, ಗುಂಪಿನೆದುರು ಮುಖ ತಿರುಗಿಸುತ್ತಾನೆ. ತಾನೂ ಹೊರಗಾದೇನೆಂಬ ಅಂಜಿಕೆ ಅವನದು. ಈ ಅರೆ ಗೆಳೆತನ ಕೆಲವೊಮ್ಮೆ ಹಗೆಗಿಂತ ಹೆಚ್ಚು ನೋಯಿಸುತ್ತದೆ. ಏಕೆಂದರೆ ನಂಬುವುದೋ ಬಿಡುವುದೋ ತಿಳಿಯುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಊಟದ ಬಿಡುವಿನಲ್ಲಿ ಎಲ್ಲರೆದುರಿಗೆ 'ಬಾ, ಇಲ್ಲಿ ಕೂತುಕೋ' ಎನ್ನಿರಿ. ಒಬ್ಬರು ಕರೆದರೆ ಮತ್ತೊಬ್ಬರಿಗೂ ಧೈರ್ಯ ಬರುತ್ತದೆ. ತಂದೆತಾಯಿಗಳೇ, 'ಎಷ್ಟು ಅಂಕ ಬಂತು?' ಎಂಬುದರ ಜೊತೆಗೆ 'ಇಂದು ಯಾರ ಜೊತೆ ಆಡಿದೆ? ಯಾರನ್ನು ಬಿಟ್ಟಿರಿ?' ಎಂದೂ ಕೇಳಿರಿ.